ಹುಣಸೆಬೀಜದ ಅಂಟಿನ ಹೆಡ್‌ಲೈಟು

ನಮ್ಮ ಅಕ್ಕ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ನಮ್ಮ ಭಾವ ಅದೇ ಬಸ್ಸಿನ ಹಿಂದೆ ತಮ್ಮ ಕಾರಿನಲ್ಲಿ ಹೋಗುತ್ತಿದ್ದರು. ಹೊರಡುವುದು ಒಂದೇ ಮನೆಯಿಂದ, ಮುಟ್ಟುವುದು ಒಂದೇ ನೇಕಾರರ ಬೀದಿಗೆ. ನಡುವೆ ತಳಕು ಊರಿನಲ್ಲಿ ಬಸ್ಸು ನಿಂತರೆ ಕಾರೂ ನಿಲ್ಲುವುದು. ಭಾವ ಇಳಿದು, ಮಿರ್ಚಿ ಮಂಡಕ್ಕಿ ಕಟ್ಟಿಸಿ, ಬಸ್ಸಿನ ಕಿಟಕಿಯಿಂದ ಅಕ್ಕನ ಕೈಗೆ ಕೊಟ್ಟು, ಒಂದು ಮಾತೂ ಆಡದೆ ವಾಪಸು ಹೋಗಿ ಸ್ಟೇರಿಂಗ್ ಹಿಡಿದು ಕೂರುವರು. ಅಕ್ಕ ತಿನ್ನುವಳು. ಕಂಡಕ್ಟರು ಒಂದು ದಿನ ತಡೆಯಲಾರದೆ, "ಯಜಮಾನ್ರೇ, ನಿಮ್ಮ ಕಾರಿಗೆ ನಾವು ದಾರಿ ತೋರಿಸ್ತೀವೋ, ನಮ್ಮ ಬಸ್ಸಿಗೆ ನೀವು ಕಾವಲು ಬರ್ತೀರೋ?" ಎಂದು ಕೇಳಿದನಂತೆ. ಭಾವ ಇದನ್ನು ನನಗೆ ಹೇಳಿದ್ದು ನಗಲಿ ಅಂತಲ್ಲ, ಏನಾದರೂ ಮಾಡು ಅಂತ.

ಏನಾದರೂ ಅಂದರೆ, ಕಾರಿನ ಹೆಡ್‌ಲೈಟು ಬಿಚ್ಚಿ, ಒಳಗೆ ಬಣ್ಣ ಬಳಿದು, ಮತ್ತೆ ಅಂಟು ಹಾಕಿ ಮುಚ್ಚುವುದು. ಅದೂ ಮನೆಯಲ್ಲೇ. ಇದು ನನ್ನ ಹಣೆಬರಹಕ್ಕೆ ಹೇಗೆ ಬಂತು ಅನ್ನುವುದನ್ನು ಮೊದಲಿಂದ ಹೇಳುತ್ತೇನೆ.

ಅಕ್ಕ ಭಾವನದು ಚಳ್ಳಕೆರೆ ಪೇಟೆಯಲ್ಲಿ ಸೀರೆ ಅಂಗಡಿ. ಮದುವೆ ಸೀರೆಗಳನ್ನು ಮೊಳಕಾಲ್ಮೂರಿನ ನೇಕಾರರ ಮನೆಗೇ ಹೋಗಿ ಆರಿಸಿ ತರುವುದು ಅವರ ಪದ್ಧತಿ. ಮದುವೆಯಾದಾಗಿನಿಂದ ಇಬ್ಬರೂ ಜೊತೆಗೇ ಹೋದವರು. ಮಗ್ಗದ ಮುಂದೆ ಕೂತು ಅಕ್ಕ ನೂಲನ್ನು ಬೆರಳಲ್ಲಿ ನೋಡುವಳು, ಭಾವ ಬಣ್ಣವನ್ನು ಕಣ್ಣಲ್ಲಿ ನೋಡುವರು. ಬಣ್ಣದ ವಿಷಯದಲ್ಲಿ ಅವರಿಗೆ ಎದುರು ಹೇಳಿದವರಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಒಂದು ಸೀರೆಯನ್ನೂ ಒಪ್ಪಿದವರಲ್ಲ ಅವರು. ಹೊಸ್ತಿಲಿಗೆ ತಂದು, ಬಿಸಿಲಿಗೆ ಹಿಡಿದು, ಇದು ಗಿಳಿ ಹಸಿರಲ್ಲ, ಎಳೆ ಬಾಳೆಲೆ ಹಸಿರು ಎಂದು ತೀರ್ಪು ಕೊಟ್ಟರೆ, ನೇಕಾರರು ತಮ್ಮತಮ್ಮಲ್ಲೇ ತೆಲುಗಿನಲ್ಲಿ ಏನೋ ಅಂದುಕೊಂಡು ನಕ್ಕು ಒಪ್ಪಿಕೊಳ್ಳುವರು. ಇನ್ನೊಂದು ಕಟ್ಟುನಿಟ್ಟೆಂದರೆ, ಅಂಗಡಿಯೊಳಗೆ ಕಪ್ಪು ಸೀರೆ ಬರಕೂಡದು. ಮದುವೆ ಮನೆಗೆ ಹೋಗುವ ಗಂಟಿನಲ್ಲಿ ಕಪ್ಪು ಇರಬಾರದು ಎಂದು ಅವರ ಅವ್ವ ಹೇಳಿದ್ದರಂತೆ. ಎಂಥ ಚೆಂದದ ಅಂಚಿದ್ದರೂ ಅವರು ಕಪ್ಪನ್ನು ಮುಟ್ಟಿ ಕೂಡ ನೋಡಿದವರಲ್ಲ.

ನನ್ನ ಮನೆ ಅವರ ಮನೆಯ ಹಿಂದಿನ ಓಣಿಯಲ್ಲಿ. ಕೆಲಸದಿಂದ ನಿವೃತ್ತನಾದ ಮೇಲೆ ಭಾವನ ಲೆಕ್ಕದಲ್ಲಿ ನಾನು ಯಾವಾಗಲೂ ಬಿಡುವಾಗಿರುವ ಮನುಷ್ಯ.

ಒಂದು ಸಂಜೆ ನನ್ನಿವಾಳ ಊರಿನ ಒಂದು ಮನೆಗೆ ಧಾರೆ ಸೀರೆ ತಲುಪಿಸಿ ಗಂಡಹೆಂಡತಿ ಕಾರಿನಲ್ಲಿ ವಾಪಸು ಬರುತ್ತಿದ್ದರು. ಸೂರ್ಯ ಮುಳುಗಿ ಮಬ್ಬಾಗಿತ್ತು, ಹೆಡ್‌ಲೈಟು ಹಾಕಿದ್ದರು. ಆ ಹೊತ್ತಿಗೇ ದೇವರ ಎತ್ತುಗಳ ಹಿಂಡು ಮೇವು ಮುಗಿಸಿ ರಸ್ತೆ ದಾಟುತ್ತಿತ್ತು. ನಮ್ಮ ಕಡೆ ಆ ಎತ್ತುಗಳಿಗೆ ನೊಗ ಕಟ್ಟುವುದಿಲ್ಲ, ಕೋಲು ಎತ್ತುವುದಿಲ್ಲ. ಅವು ದೇವರಿಗೆ ಬಿಟ್ಟವು. ಅಂಥ ಹಿಂಡಿನ ನಡುವಿಗೆ ಭಾವ ಕಾರು ಬಿಟ್ಟುಕೊಂಡು ಹೋಗುತ್ತಿದ್ದರು. ಅಕ್ಕ ಕೂಗಿದಳು. ಬ್ರೇಕು ಹಾಕಿದಾಗ ಒಂದು ಎತ್ತಿನ ಕೊಂಬು ಬಾನೆಟ್ಟಿನ ಮೇಲೆಯೇ ಇತ್ತು. ಎತ್ತು ಅವರನ್ನು ಒಂದು ಸಲ ನೋಡಿ, ನಿಧಾನವಾಗಿ ದಾಟಿ ಹೋಯಿತಂತೆ. ಅಕ್ಕ ಇಳಿದು ರಸ್ತೆಯ ಮಣ್ಣು ಮುಟ್ಟಿ ಕೈಮುಗಿದಳು. ಭಾವ ಇಳಿದು ಹೆಡ್‌ಲೈಟನ್ನು ಬೈದರು. ಲೈಟು ಮಸುಕಾಗಿದೆ, ಒಳಗಿನ ಹೊಳಪು ಕಿತ್ತಿದೆ, ಹಳದಿ ತಿರುಗಿದೆ, ಅದಕ್ಕೇ ಕಾಣಲಿಲ್ಲ ಅಂದರು.

ಅಕ್ಕ ಹೇಳಿದ್ದು ಒಂದೇ ಮಾತು. "ಇದೇ ಲೈಟಿನ್ಯಾಗೆ ನಂಗೆ ಕಾಣ್ತಲ್ರಿ."

ಅಷ್ಟೇ. ಮಾರನೆಯ ವಾರದಿಂದ ಅವಳು ಬಸ್ಸು ಹತ್ತಿದಳು. ಕಣ್ಣು ತೋರಿಸಿಕೊಂಡು ಬರುವವರೆಗೆ ನಿಮ್ಮ ಪಕ್ಕದ ಸೀಟಿನಲ್ಲಿ ಕೂರುವುದಿಲ್ಲ ಅಂದಳು. ಕಣ್ಣಿಗೆ ಏನೂ ಆಗಿಲ್ಲ, ಆಗಿರುವುದು ಲೈಟಿಗೆ ಎಂದು ಇವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನ ಗಂಡ, ಹಿರಿಯರು, ನುಂಗಿಕೊಂಡೆ. ನುಂಗಿದ್ದೇ ತಪ್ಪಾಯಿತೋ ಏನೋ. ಸುಮ್ಮನಿದ್ದವನು ತಮ್ಮ ಪಕ್ಷ ಎಂದು ಭಾವ ತಿಳಿದರು.

ನನ್ನದೂ ಒಂದು ಲೆಕ್ಕ ಇತ್ತು. ಲೈಟನ್ನು ಹೊಚ್ಚ ಹೊಸದು ಮಾಡಿಬಿಟ್ಟರೆ ಭಾವನಿಗೆ ಆಮೇಲೆ ಬೈಯಲು ಏನೂ ಉಳಿಯುವುದಿಲ್ಲ. ಆಗ ಕಣ್ಣಿನ ಮಾತಿಗೆ ಬರಲೇಬೇಕು. ಹೀಗೆ ಅಂದುಕೊಂಡು ನಾನು ಸ್ಕ್ರೂಡ್ರೈವರು ಹಿಡಿದೆ. ಭಾವನಿಗೆ ನೆಪಗಳ ಬರ ಯಾವತ್ತೂ ಬಂದಿಲ್ಲ ಅನ್ನುವುದು ಆಗ ನೆನಪಿಗೆ ಬರಲಿಲ್ಲ.

ಹೆಡ್‌ಲೈಟು ಕಾರಿನಿಂದ ಬಿಚ್ಚುವುದೇನೂ ಕಷ್ಟವಲ್ಲ. ಮುಂದಿನ ಬಂಪರು ಸಡಿಲಿಸಿದರೆ ಒಂದಿಷ್ಟು ಸ್ಕ್ರೂ, ಒಂದು ವೈರು, ಕೈಗೆ ಬರುತ್ತದೆ. ಕಷ್ಟ ಇರುವುದು ಅದರ ಗಾಜನ್ನು ಹಿಂದಿನ ಗೂಡಿನಿಂದ ಬಿಡಿಸುವುದರಲ್ಲಿ. ಎರಡರ ನಡುವಿನ ಸಂದಿಯಲ್ಲಿ ಕಪ್ಪನೆಯ ರಬ್ಬರಿನಂಥ ಅಂಟು ಇರುತ್ತದೆ. ಕಾಯಿಸಿದರೆ ಮಾತ್ರ ಮೆತ್ತಗಾಗುತ್ತದೆ. ಮೊಬೈಲಿನಲ್ಲಿ ನಾನು ನೋಡಿದ ವಿಡಿಯೋದಲ್ಲಿ ಒಬ್ಬಾತ ಅದನ್ನು ಅಡುಗೆಮನೆಯ ಓವನ್ನಿನಲ್ಲಿಟ್ಟು ಕಾಯಿಸಿ, ಹಲಸಿನ ತೊಳೆ ಬಿಡಿಸಿದಂತೆ ಬಿಡಿಸಿದ. ನಮ್ಮಲ್ಲಿ ಓವನ್ ಎಲ್ಲಿಂದ ತರುವುದು? ಪೇಟೆಯ ಬೇಕರಿಯವನನ್ನು ಕೇಳಿದ್ದಕ್ಕೆ, ಬನ್ನು ತಿಂದವರು ಕಾರಿನ ವಾಸನೆ ಬರ್ತೈತೆ ಅಂದರೆ ನೀವು ಬಂದು ಜವಾಬು ಹೇಳ್ತೀರಾ ಅಂದ.

ಭಾವ ವಿಡಿಯೋವನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರು. "ಲೇ ತಮ್ಮಾ, ಇವ್ನು ನಮ್ಮ ಊರಿನ ಬಿಸ್ಲು ನೋಡಿಲ್ಲ ಕಣೋ. ನಮಗ್ಯಾಕೆ ಓವನ್ನು?"

ಮಾಳಿಗೆಯ ಮೇಲೆ ಕರಿ ಕಂಬಳಿ ಹಾಸಿ, ಎರಡೂ ಲೈಟುಗಳನ್ನು ಅದರಲ್ಲಿ ಸುತ್ತಿ ನಡುಮಧ್ಯಾಹ್ನದ ಬಿಸಿಲಿಗೆ ಇಟ್ಟರು. ನಮ್ಮೂರ ಕಂಬಳಿ ಬಿಸಿಲನ್ನು ಕುಡಿಯುವ ರೀತಿ ಬೇರೆ ಯಾವುದೂ ಕುಡಿಯಲಾರದು, ಅದನ್ನು ನಾನೂ ಒಪ್ಪುತ್ತೇನೆ. ಊಟ ಮುಗಿಸಿ ಹೋಗಿ ಮುಟ್ಟಿದರೆ ಕೈ ಸುಟ್ಟಿತು. ಮೇಲಿಂದ ಅಕ್ಕನ ತಲೆಗೂದಲು ಒಣಗಿಸುವ ಮೆಷಿನ್ನಿನ ಬಿಸಿಗಾಳಿಯನ್ನೂ ಹಿಡಿದೆವು. ನಿಜ ಹೇಳಬೇಕೆಂದರೆ ಅಂಟು ಮೆತ್ತಗಾಯಿತು. ಸ್ಕ್ರೂಡ್ರೈವರಿನ ತುದಿ ತೂರಿಸಿ ಮೆಲ್ಲಗೆ ಮೀಟುತ್ತ ಹೋದರೆ ಗಾಜು ಬಿಟ್ಟುಕೊಂಡಿತು. ನಾನು ಬೆವೆತು ಒದ್ದೆಮುದ್ದೆಯಾಗಿದ್ದೆ. ಭಾವ ನೆರಳಿನಲ್ಲಿ ನಿಂತು, ನೋಡಿದ್ಯಾ ಅಂದರು.

ಒಳಗೆ ನೋಡಿದರೆ ಭಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಲ್ಬಿನ ಸುತ್ತಿನ ಪಟ್ಟಿಯ ಬಣ್ಣ ಸುಲಿದಿತ್ತು, ಗೂಡಿನ ಮೂಲೆಯಲ್ಲಿ ಧೂಳು ಕೂತಿತ್ತು, ಗಾಜು ಮಂಜುಗಟ್ಟಿದಂತೆ ಇತ್ತು. ನೆಪ ಅಂದರೆ ಪೂರ್ತಿ ಸುಳ್ಳು ಅಂತಲ್ಲ. ಕಾಲುಭಾಗ ನಿಜ ಇದ್ದರೇ ಅದು ಗಟ್ಟಿ ನಿಲ್ಲುವುದು.

ಬಲ್ಬಿನ ಹಿಂದಿನ ಕನ್ನಡಿಯಂಥ ಬಟ್ಟಲನ್ನು ಮುಟ್ಟಬಾರದು, ಸುತ್ತಿನ ಪಟ್ಟಿಗೆ ಮಾತ್ರ ಬಣ್ಣ ಹಚ್ಚಬೇಕು, ಅದೂ ತೆಳ್ಳಗೆ, ಒಣಗಿಸಿ ಒಣಗಿಸಿ ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ಬಟ್ಟಲಿಗೆ ಪೇಪರು ಅಂಟಿಸಿ ಮುಚ್ಚಿದೆ. ಭಾವ ಅಂಗಡಿಯ ಶಟರಿಗೆ ಬಳಿದು ಉಳಿದಿದ್ದ ಬೆಳ್ಳಿ ಬಣ್ಣದ ಡಬ್ಬಿ ತಂದರು. ಬ್ರಷ್ಷು ಅವರೇ ಹಿಡಿದರು. ಬಣ್ಣದ ವಿಷಯ, ಅವರನ್ನು ಬಿಟ್ಟು ಇನ್ಯಾರು ಹಿಡಿಯಬೇಕು? ನಾನು ನೋಡುತ್ತಿದ್ದ ಹಾಗೆಯೇ ಪಟ್ಟಿಯ ಮೇಲೆ ಬಣ್ಣ ಇಳಿದು, ದೀಪದ ಕಂಬದ ಮೇಲೆ ಎಣ್ಣೆ ಇಳಿದಂತೆ ಗೆರೆಗೆರೆಯಾಗಿ ನಿಂತಿತು. ಕಂಬಳಿಯ ಒಂದು ಕೂದಲೂ ಅದರಲ್ಲಿ ಸಿಕ್ಕಿಕೊಂಡಿತು. ಇಳೀತಾ ಐತೆ ಭಾವಾ ಅಂದೆ. ಅವರು ಕೈಯಳತೆ ದೂರ ಹಿಡಿದು, ತಲೆ ಓರೆ ಮಾಡಿ ನೋಡಿ, "ಎಲ್ಲಲೇ? ಕಂಪನೀಗಿಂತ ನುಣುಪು ಬಂದೈತೆ" ಅಂದರು. ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು. ಅವರಿಗೆ ನಿಜಕ್ಕೂ ನುಣುಪಾಗಿಯೇ ಕಂಡಿತ್ತು. ನನ್ನ ಸಿಟ್ಟು ಅಲ್ಲಿ ಒಂದು ಗಳಿಗೆ ತಣ್ಣಗಾಯಿತು. ಮತ್ತೆ ಹತ್ತಿಕೊಂಡಿದ್ದು ಅಂಟಿನ ವಿಷಯಕ್ಕೆ.

ಹಳೆಯ ಅಂಟನ್ನು ಕೆರೆದು ತೆಗೆದಾಗಿತ್ತು. ಹೊಸದು ಹಗ್ಗದಂತೆ ಸುರುಳಿ ಸುತ್ತಿ ಬರುತ್ತದೆ, ದಾವಣಗೆರೆಯಿಂದ ತರಿಸಬೇಕು, ನಾಕು ದಿನ ತಡೆಯಿರಿ ಅಂದೆ. ಭಾವನಿಗೆ ತಡೆಯುವುದಾಗಲಿಲ್ಲ. ಮೊಳಕಾಲ್ಮೂರಿನ ದಿನ ಹತ್ತಿರ ಬಂದಿತ್ತು, ಅಕ್ಕ ಮತ್ತೆ ಬಸ್ಸು ಹತ್ತುತ್ತಾಳೆ. ಹೊರಗೆ ಹೋಗಿ, ಒಂದು ಚೊಂಬು ತುಂಬ ಬೆಚ್ಚಗಿನ ಹುಣಸೆಬೀಜದ ಅಂಟು ತಂದರು.

ಕಂಬಳಿ ನೇಯುವವರು ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೇಯಿಸಿ ಅರೆದ ಅಂಟನ್ನು ಉಣ್ಣೆಯ ನೂಲಿಗೆ ಬಳಿಯುತ್ತಾರೆ. ನೂಲು ಬಿಗಿಯಾಗುತ್ತದೆ. ಅದನ್ನು ನೋಡಿಕೊಂಡೇ ಬೆಳೆದವರು ನಾವು. ಅದನ್ನು ಹೆಡ್‌ಲೈಟಿಗೆ ಹಾಕುವ ಯೋಚನೆ ಚಳ್ಳಕೆರೆಯವರಿಗಲ್ಲದೆ ಲೋಕದಲ್ಲಿ ಇನ್ಯಾರಿಗೂ ಬಂದಿರಲಾರದು. ಭಾವನ ವಾದ ಹೀಗಿತ್ತು. ಕುರಿಯವನು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಇಡೀ ದಿನ ನಿಲ್ಲುತ್ತಾನೆ, ಒಳಗೆ ಒಂದು ಹನಿ ಇಳಿಯುವುದಿಲ್ಲ. ಯಾಕೆ? ಈ ಅಂಟು ಇರುವುದರಿಂದ. ನೀರು ತಡೆಯುವುದು ಉಣ್ಣೆ, ಅಂಟಲ್ಲ ಅಂದೆ. ಹಾಗಾದರೆ ಉಣ್ಣೆಗೆ ಅಂಟು ಯಾಕೆ ಹಾಕುತ್ತಾರೆ ಎಂದು ಕೇಳಿದರು. ಜೊತೆಗೆ ಇನ್ನೊಂದು ಮಾತೂ ಸೇರಿಸಿದರು. ಚಳ್ಳಕೆರೆಯಲ್ಲಿ ಮಳೆ ಎಲ್ಲಿ ಬರುತ್ತದೆ?

ಅಂಟು ಒಣಗಿ ಕಲ್ಲಿನಂತಾಯಿತು. ಲೈಟು ಕಾರಿಗೆ ಕೂತಿತು. ಭಾವ ಬೀಗಿದರು. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ಬಸ್‌ಸ್ಟ್ಯಾಂಡಿನ ಕಡೆ ಹೊರಟಳು.

ಮೊದಲು ಬಂದವು ಇರುವೆ. ಹುರಿದ ಹುಣಸೆಬೀಜದ ವಾಸನೆ ಅವಕ್ಕೆ ಗೊತ್ತಾಗದೆ ಇರುತ್ತದೆಯೇ? ಅಂಟಿನಲ್ಲಿ ಬಿರುಕು ಹುಡುಕಿ ಒಳಗೆ ಸೇರಿದವು. ಸಂಜೆ ಲೈಟು ಹಾಕಿದರೆ ಎದುರಿನ ಗೋಡೆಯ ಮೇಲೆ ಇರುವೆಗಳ ನೆರಳು ಸಾಲುಸಾಲಾಗಿ ನಡೆಯುವುದು. ಓಣಿಯವರು ಬಂದು ನಿಂತು ನೋಡಿದರು. ಆಮೇಲೆ ಕಾರು ತೊಳೆದೆವು. ಮಳೆ ಬಾರದಿದ್ದರೇನು, ಧೂಳಿನ ಊರಿನಲ್ಲಿ ಕಾರು ತೊಳೆಯದೆ ಆಗುತ್ತದೆಯೇ? ಅಂಟು ನೆನೆದು ಗಂಜಿಯಾಗಿ ಬಂಪರಿನ ಮೇಲೆ ಇಳಿಯಿತು. ಗಾಜಿನೊಳಗೆಲ್ಲ ಹನಿ ಕೂತು, ಲೈಟು ಮೊದಲಿಗಿಂತ ಮಸುಕಾಯಿತು. ಭಾವನಿಗೆ ಇದರಿಂದ ಬೇಸರವಾಯಿತು ಎಂದುಕೊಂಡರೆ ತಪ್ಪು. ಅವರ ಮುಖದಲ್ಲಿ ಒಂದು ಸಮಾಧಾನ ಇತ್ತು. "ನೋಡ್ದ್ಯಾ, ಇನ್ನೂ ಲೈಟಿನ್ಯಾಗೇ ದೋಷ ಐತೆ" ಅಂದರು.

ಆಗ ನನಗೆ ಹೊಳೆಯಿತು. ಈ ಕೆಲಸ ಮುಗಿಯಬಾರದು ಅಂತಲೇ ಅವರ ಮನಸ್ಸಿನ ಒಂದು ಮೂಲೆಯಲ್ಲಿ ಇತ್ತು. ಮುಗಿದರೆ ಉಳಿಯುವುದು ಕಣ್ಣು. ಕಣ್ಣು ಹೋದರೆ ಬಣ್ಣ ಹೋಯಿತು, ಬಣ್ಣ ಹೋದರೆ ಮಗ್ಗದ ಮುಂದೆ ಅವರು ಯಾರು? ಪಾಪ ಅನ್ನಿಸಿತು. ಆದರೆ ಬಂಪರಿನ ಮೇಲಿನ ಹುಣಸೆ ಗಂಜಿ ಉಜ್ಜಿ ತೆಗೆಯುತ್ತಿದ್ದವನು ನಾನು. ಪಾಪ ಅನ್ನುವುದು ಬಹಳ ಹೊತ್ತು ನಿಲ್ಲಲಿಲ್ಲ.

ಎರಡನೆಯ ಸಲ ನಾನು ಹಟ ಹಿಡಿದೆ. ದಾವಣಗೆರೆಯಿಂದ ಅಂಟಿನ ಹಗ್ಗ ಬರುವವರೆಗೆ ಬಿಚ್ಚುವುದೇ ಇಲ್ಲ ಅಂದೆ. ಬಂತು. ಮತ್ತೆ ಮಾಳಿಗೆ, ಮತ್ತೆ ಕಂಬಳಿ, ಮತ್ತೆ ಬಿಸಿಲು. ಒಳಗಿನ ಬಟ್ಟಲನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿದೆ. ಗಾಜನ್ನು ನೀರು ಹಚ್ಚಿ ಉಜ್ಜುವ ಮರಳುಕಾಗದದಲ್ಲಿ ಉಜ್ಜಿ ಉಜ್ಜಿ ತಿಳಿಯಾಗಿಸಿದೆ. ಸಂದಿಯಲ್ಲಿ ಉಳಿದ ಹುಣಸೆ ಅಂಟನ್ನು ಬೆಂಕಿಕಡ್ಡಿಯಿಂದ ಕೆರೆದೆ. ಸುತ್ತಿನ ಪಟ್ಟಿಯ ಬೆಳ್ಳಿ ಬಣ್ಣ ಕೆರೆಯಲು ಹೋದಾಗ ಭಾವ ಬಿಡಲಿಲ್ಲ. ಅದು ಅವರ ಕೈಕೆಲಸ, ಹಾಗೇ ಇರಲಿ ಅಂದರು. ಇಳಿದ ಗೆರೆ, ಕಂಬಳಿ ಕೂದಲು, ಎಲ್ಲ ಹಾಗೇ ಉಳಿಯಿತು. ಅಂಟಿನ ಹಗ್ಗವನ್ನು ಸಂದಿಗೆ ಕೂರಿಸಿ, ಬಿಸಿಗಾಳಿ ಹಿಡಿದು, ಗಾಜನ್ನು ಒತ್ತಿ ಹಿಡಿದು ಬಟ್ಟೆಯಿಂದ ಬಿಗಿದು ಕಟ್ಟಿದೆ. ತಣ್ಣಗಾದ ಮೇಲೆ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ನೋಡಿದೆ. ಒಂದು ಗುಳ್ಳೆಯೂ ಏಳಲಿಲ್ಲ.

ಆವತ್ತು ಮಬ್ಬು ಕವಿಯುವ ಹೊತ್ತಿಗೆ ಕಾರನ್ನು ಮನೆಯ ಮುಂದೆ ನಿಲ್ಲಿಸಿ ಲೈಟು ಹಾಕಿದೆವು. ಎದುರಿನ ಗೋಡೆ ಸುಣ್ಣ ಬಳಿದಂತೆ ಬೆಳಗಿತು. ಭಾವ ಸ್ಟೇರಿಂಗಿನ ಹಿಂದೆ ಕೂತು ಅಕ್ಕನನ್ನು ಕೂಗಿದರು. ಬಂದು ನೋಡು, ಈಗಲಾದರೂ ಒಪ್ಪಿಕೋ ಅಂತ.

ಅಕ್ಕ ಬಂದಳು. ಕೈಯಲ್ಲಿ ಆ ವಾರ ಮೊಳಕಾಲ್ಮೂರಿನಿಂದ ತಂದ ಗಂಟಿನಿಂದ ತೆಗೆದ ಒಂದು ಸೀರೆ ಇತ್ತು. ಲೈಟು ಬಿಚ್ಚಿದ್ದರಿಂದ ಆ ವಾರ ಭಾವ ಹೋಗಿರಲಿಲ್ಲ, ಸೀರೆಗಳನ್ನು ಅವಳೊಬ್ಬಳೇ ಆರಿಸಿದ್ದಳು. ಗೋಡೆಯ ಹತ್ತಿರ ಹೋಗಿ, ನಮ್ಮ ಕಡೆ ಮುಖ ಮಾಡಿ ನಿಂತು, ಲೈಟಿನ ಬೆಳಕಿಗೆ ಸೀರೆಯ ಮಡಿಕೆ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದಳು. ನಾನು ಕಾರಿನ ಪಕ್ಕದಲ್ಲಿದ್ದೆ. ನವಿಲಿನ ಕೊರಳಿನ ನೀಲಿ, ಬೆಳಕು ಬಿದ್ದ ಕಡೆ ಮಿನುಗುತ್ತಿತ್ತು.

"ಒಡಲು ಯಾವ ಬಣ್ಣ, ಹೇಳ್ರಿ" ಅಂದಳು.

ಭಾವ ನಕ್ಕರು. ತಮಗೆ ಬಣ್ಣದ ಪರೀಕ್ಷೆ ಕೊಡುತ್ತಿದ್ದಾಳಲ್ಲ ಎಂದು. ಕತ್ತು ಮುಂದೆ ಚಾಚಿ ನೋಡಿ, "ಕಪ್ಪು" ಅಂದರು.

ಅಕ್ಕ ಸೀರೆ ಇಳಿಸಲಿಲ್ಲ. ಅವಳ ದನಿಯಲ್ಲಿ ಗೆದ್ದ ಸೊಕ್ಕು ಇರಲಿಲ್ಲ. "ನಮ್ಮ ಗಂಟಿನ್ಯಾಗೆ ಕಪ್ಪು ಸೀರೆ ಎಂದಾರ ಬಂದೈತೇನ್ರಿ?"

ಭಾವ ಲೈಟು ಆರಿಸಲಿಲ್ಲ. ಅಷ್ಟು ಬೆಳಕಿನಲ್ಲಿ ಅಕ್ಕ ಸೀರೆ ಹಿಡಿದು ನಿಂತಿದ್ದಳು, ಅವರು ನೋಡುತ್ತ ಕೂತಿದ್ದರು. ಕೊನೆಗೆ ಬ್ಯಾಟರಿ ಇಳಿದುಹೋಗುತ್ತದೆ ಎಂದು ನಾನೇ ಕೈ ತೂರಿಸಿ ಆರಿಸಿದೆ.

ಮಾರನೆಯ ಬೆಳಗ್ಗೆ ಹಾಲು ತರಲು ಹೋದಾಗ ಅವರ ಮನೆಯ ಹೊಸ್ತಿಲಲ್ಲಿ ಭಾವ ನಿಂತಿದ್ದು ಕಂಡೆ. ಅದೇ ಸೀರೆಯನ್ನು ಎಳೆಬಿಸಿಲಿಗೆ ಹಿಡಿದಿದ್ದರು. ಮೂಗಿನ ಹತ್ತಿರ ತರುವರು, ದೂರ ಹಿಡಿಯುವರು, ಒಂದು ಕಣ್ಣು ಮುಚ್ಚುವರು, ಇನ್ನೊಂದು ಮುಚ್ಚುವರು. ನಾನು ಕಂಡೂ ಕಾಣದಂತೆ ದಾಟಿದೆ. ವಾಪಸು ಬರುವಾಗ ಅವರೇ ಕರೆದರು. "ಲೇ ತಮ್ಮಾ, ದಾವಣಗೆರೆ ಬಸ್ಸು ಎಷ್ಟೊತ್ತಿಗೈತೆ?" ಕಾರು ಇದೆಯಲ್ಲ, ನಾನು ಓಡಿಸುತ್ತೇನೆ ಅಂದೆ. ಬೇಡ, ಬಸ್ಸಿನಲ್ಲೇ ಹೋಗುತ್ತೇವೆ ಅಂದರು. ಆ 'ತೇವೆ'ಯಲ್ಲಿ ನಾನಿರಲಿಲ್ಲ. ಗಂಡಹೆಂಡತಿ ಒಂದೇ ಸೀಟಿನಲ್ಲಿ ಕೂತು ಹೋದರು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಹಳ ಬಲಿತಿತ್ತು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದ್ದಕ್ಕೆ, ಲೈಟು ರಿಪೇರಿ ಮಾಡಿಸ್ತಿದ್ರು ಎಂದು ಅಕ್ಕ ಹೇಳಿದಳಂತೆ. ಒಂದಾದ ಮೇಲೆ ಒಂದು ಕಣ್ಣಿಗೆ ಆಪರೇಷನ್ ಆಯಿತು. ಅಷ್ಟೂ ಕಾಲ ಮೊಳಕಾಲ್ಮೂರಿಗೆ ಅವರನ್ನು ಕರೆದುಕೊಂಡು ಹೋದವನು ನಾನು. ಹಿಂದಿನ ಸೀಟಿನಲ್ಲಿ ಕರಿ ಕನ್ನಡಕ ಹಾಕಿಕೊಂಡು ಕೂತು ಭಾವ ನನಗೆ ಗೇರು ಹಾಕುವುದು ಕಲಿಸಿದರು.

ಡಾಕ್ಟರು ಕಾರು ಓಡಿಸಬಹುದು ಅಂದ ಮೇಲಿನ ಮೊದಲ ವಾರ. ಬೆಳಗ್ಗೆ ಅಕ್ಕ ಖಾಲಿ ಚೀಲ, ನೀರಿನ ಬಾಟಲಿ ಹಿಡಿದು ಹೊರಗೆ ಬಂದಳು. ಬಸ್‌ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ಕಾರಿನ ಮುಂದಿನ ಬಾಗಿಲು ತೆಗೆದು, ತನ್ನ ಹಳೆಯ ಸೀಟಿನಲ್ಲಿ ಕೂತು, ಸೆರಗು ಸಿಕ್ಕಿಕೊಳ್ಳದಂತೆ ಎಳೆದುಕೊಂಡು ಬಾಗಿಲು ಹಾಕಿದಳು. ಇಷ್ಟಕ್ಕೇ ಅಲ್ಲವೇ ನಾನು ಮಾಳಿಗೆಯ ಮೇಲೆ ಬೆಂದಿದ್ದು.

ಭಾವ ಮಾತ್ರ ಇನ್ನೂ ಹತ್ತಿರಲಿಲ್ಲ. ಕೀ ಕೈಯಲ್ಲಿ ಹಿಡಿದು ಕಾರಿನ ಮುಂದೆ ಬಗ್ಗಿ ನಿಂತಿದ್ದರು. ಬಲಗಡೆಯ ಲೈಟು ನೋಡಿದರು, ಎಡಗಡೆಯದು ನೋಡಿದರು. ಗಾಜಿಗೆ ಉಗುರು ಒತ್ತಿ ಕೆರೆದರು. ಅದು ಒಳಗಿತ್ತು, ಬರಲಿಲ್ಲ.

"ಲೇ, ಯಾವನಲೇ ಇದನ್ನ ಬಳಿದೋನು? ಬಣ್ಣ ಹೆಂಗೆ ಇಳಿದೈತೆ ನೋಡು. ಒಳಗೆ ಕೂದ್ಲು ಬೇರೆ."

"ನೀವೇ ಭಾವಾ" ಅಂದೆ.

ಅವರು ನಂಬಲಿಲ್ಲ. ನನ್ನನ್ನು ಒಂದು ಸಲ, ಕೂದಲನ್ನು ಒಂದು ಸಲ ನೋಡಿ, ಇದನ್ನು ಹೀಗೆ ಬಿಡುವುದಕ್ಕೆ ಆಗುವುದಿಲ್ಲ, ಭಾನುವಾರ ಕಂಬಳಿ ತೆಗೆದಿಡು, ಒಂದು ಗಂಟೆಯ ಕೆಲಸ ಅಂದರು. ನನ್ನ ಬಾಯಿಗೆ ಏನು ಬಂತೋ ಅದನ್ನು ಇಲ್ಲಿ ಬರೆಯುವಂತಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತನ್ನ ಸೀಟಿನಿಂದ ಕೈ ಚಾಚಿ ಹಾರ್ನು ಒತ್ತಿದಳು. ಭಾವ ಹತ್ತುವವರೆಗೆ ಕೈ ತೆಗೆಯಲಿಲ್ಲ.